ವಸ್ತುವಿಲ್ಲದ ವಸ್ತುಸಂಗ್ರಹಾಲಯ: ಪರ್ಫಾರ್ಮನ್ಸ್ ಕಲೆಯ ಸಂರಕ್ಷಣೆ

ಮ್ಯೂಸಿಯಂ ಎಂಬುದಕ್ಕೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಳಕೆಯಲ್ಲಿರುವ ಪದ ಒಂದೇ: ವಸ್ತುಸಂಗ್ರಹಾಲಯ. ಈ ಸಮಾಸದ ಮೊದಲ ಪದವೇ ‘ವಸ್ತು’. ಶಿಲಾಶಾಸನ, ತಾಮ್ರಪಟ, ನಾಣ್ಯ, ವಿಗ್ರಹ, ಚಿತ್ರಪಟ ಇವೆಲ್ಲ ಕೈಗೆ ಸಿಗುವಂಥವು. ಅಳೆದು, ತೂಗಿ, ಸಂಖ್ಯೆ ಕೊಟ್ಟು, ಕಪಾಟಿನಲ್ಲಿರಿಸಿ ಬೀಗ ಹಾಕಬಹುದಾದಂಥವು. ಸಂಗ್ರಹಾಲಯದ ಶಾಸ್ತ್ರವೆಲ್ಲ ಬಹುಕಾಲ ಒಂದು ಗೃಹೀತದ ಮೇಲೆ ನಿಂತಿತ್ತು. ಕೃತಿ ಎಂದರೆ ವಸ್ತು. ವಸ್ತು ಕೆಡದಂತೆ ನೋಡಿಕೊಂಡರೆ ಕೃತಿ ಉಳಿಯುತ್ತದೆ. ತೇವ, ಬಿಸಿಲು, ಹುಳು, ಧೂಳು ಇವಷ್ಟೇ ಅದರ ಶತ್ರುಗಳು.

2005ರಲ್ಲಿ ಲಂಡನ್ನಿನ ಟೇಟ್ ಸಂಸ್ಥೆ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಒಂದು ಕೃತಿಗೆ ಕಪಾಟಿನ ಅಗತ್ಯವೇ ಬೀಳಲಿಲ್ಲ. ಸ್ಲೊವಾಕಿಯಾದ ಕಲಾವಿದ ರೋಮಾನ್ ಓಂಡಾಕ್ 2003ರಲ್ಲಿ ರೂಪಿಸಿದ ‘ಗುಡ್ ಫೀಲಿಂಗ್ಸ್ ಇನ್ ಗುಡ್ ಟೈಮ್ಸ್’ ಎಂಬುದು ಆ ಕೃತಿ. ಅದರಲ್ಲಿ ಇರುವುದು ಒಂದು ಸರತಿ ಸಾಲು, ಅಷ್ಟೇ. ಕೆಲವು ಜನ ಏನನ್ನೋ ಕಾಯುವವರಂತೆ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಸಾಲಿನ ತುದಿಯಲ್ಲಿ ಕಿಟಕಿಯಿಲ್ಲ, ಟಿಕೆಟ್ಟಿಲ್ಲ, ಪಡೆಯುವ ಸಾಮಾನೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಲು ಕರಗುತ್ತದೆ. ಮತ್ತೆಲ್ಲೋ ಮತ್ತೆ ಮೂಡುತ್ತದೆ. ಸಮಾಜವಾದಿ ಆಡಳಿತದ ಚೆಕೊಸ್ಲೊವಾಕಿಯಾದಲ್ಲಿ ಅಂಗಡಿಗಳ ಮುಂದೆ ಬೆಳೆಯುತ್ತಿದ್ದ ಸಾಲುಗಳ ನೆನಪು ಈ ಕೃತಿಯ ಹಿನ್ನೆಲೆ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಅನುಭವವುಳ್ಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿವರಿಸಬೇಕಾದದ್ದು ಬೇರೆ: ಇದನ್ನು ಒಂದು ಸಂಸ್ಥೆ ಹಣ ಕೊಟ್ಟು ಕೊಂಡಿತೆಂದರೆ ಅದು ಕೊಂಡದ್ದಾದರೂ ಏನನ್ನು? ಐವತ್ತು ವರ್ಷ ಅದನ್ನು ಕಾಪಾಡಬೇಕೆಂದರೆ ಕಾಪಾಡುವುದು ಯಾವುದನ್ನು?

ಮೊದಲು ಪರಿಭಾಷೆಯ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಪ್ರದರ್ಶನ ಕಲೆಗಳು’ ಎಂದೊಡನೆ ನಾಟಕ, ನೃತ್ಯ, ಸಂಗೀತ, ಬಯಲಾಟಗಳು ಕಣ್ಣ ಮುಂದೆ ಬರುತ್ತವೆ. ಪರ್ಫಾರ್ಮನ್ಸ್ ಆರ್ಟ್ ಇವುಗಳ ಸಾಲಿಗೆ ಸೇರಿದ್ದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಮುಖ್ಯವಾಗಿ ಚಿತ್ರಕಾರರು ಮತ್ತು ಶಿಲ್ಪಿಗಳು ಬಣ್ಣ, ಕಲ್ಲುಗಳನ್ನು ಬದಿಗಿರಿಸಿ ತಮ್ಮ ಮೈಯನ್ನೂ ಕಾಲವನ್ನೂ ಮಾಧ್ಯಮವಾಗಿ ಬಳಸತೊಡಗಿದಾಗ ಹುಟ್ಟಿದ ಕಲೆ ಇದು. ಇದರಲ್ಲಿ ಸಾಮಾನ್ಯವಾಗಿ ಪಾತ್ರವಿಲ್ಲ, ಕಥೆಯಿಲ್ಲ, ವೇಷವಿಲ್ಲ. ನಾಟಕದಲ್ಲಿ ಸತ್ತ ಅಭಿಮನ್ಯು ಪರದೆ ಬಿದ್ದ ಮೇಲೆ ಎದ್ದು ಚಹಾ ಕುಡಿಯುತ್ತಾನೆ. ಇಲ್ಲಿ ಆದ ಗಾಯ ನಿಜವಾದ ಗಾಯ. ಮಾರುವ ವಸ್ತುವೇ ಇಲ್ಲದಂತೆ ಮಾಡಿ ಕಲೆಯ ಪೇಟೆಯಿಂದ ಕಲೆಯನ್ನು ಬಿಡಿಸಿಕೊಳ್ಳಬೇಕೆಂಬ ಹಟ ಈ ಕಲಾವಿದರಲ್ಲಿ ಅನೇಕರಿಗಿತ್ತು. ಅಂಥ ಕಲೆಯೇ ಇಂದು ಸಂಗ್ರಹಾಲಯಗಳ ಖರೀದಿಯ ಪಟ್ಟಿಯಲ್ಲಿದೆ ಎಂಬ ವಿಪರ್ಯಾಸವನ್ನು ಈ ಪಾಠದುದ್ದಕ್ಕೂ ನೆನಪಿನಲ್ಲಿಡಬೇಕು.

ಇನ್ನೊಂದು ಪದ ಮರಾಠಿಯಿಂದ ಉಪಯೋಗಕ್ಕೆ ಬರುತ್ತದೆ. ಮರಾಠಿ ರಂಗಭೂಮಿಯಲ್ಲಿ ನಾಟಕದ ಒಂದೊಂದು ಆಟಕ್ಕೂ ‘ಪ್ರಯೋಗ’ ಎನ್ನುತ್ತಾರೆ. ನೂರನೆಯ ಪ್ರಯೋಗ, ಐನೂರನೆಯ ಪ್ರಯೋಗ ಎಂದು ಜಾಹೀರಾತಿನಲ್ಲಿ ಎಣಿಕೆ ಹಾಕುತ್ತಾರೆ. ಕನ್ನಡದಲ್ಲಿ ‘ರಂಗಪ್ರಯೋಗ’ ಎಂಬ ಮಾತಿದ್ದರೂ ‘ಪ್ರಯೋಗ’ ಎಂದಾಗ ಹೊಸದನ್ನು ಮಾಡಿ ನೋಡುವುದು ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ಇಲ್ಲಿ ಎರಡೂ ಅರ್ಥ ಬೇಕು. ನಾಟಕಕ್ಕೆ ಕೃತಿ ಬೇರೆ, ಪ್ರಯೋಗ ಬೇರೆ. ಪ್ರಯೋಗ ಮುಗಿದರೂ ಪುಸ್ತಕ ಉಳಿಯುತ್ತದೆ. ಪರ್ಫಾರ್ಮನ್ಸ್ ಕಲೆಯಲ್ಲಿ ಬಹಳ ಸಲ ಕೃತಿಯೇ ಪ್ರಯೋಗ, ಪ್ರಯೋಗವೇ ಕೃತಿ. ಒಂದು ಮುಗಿದರೆ ಇನ್ನೊಂದೂ ಮುಗಿಯಿತು. ಸಂಗ್ರಹಾಲಯದ ಸಂಕಟ ಹುಟ್ಟುವುದು ಇಲ್ಲಿಯೇ.

ಈ ಸಂಕಟಕ್ಕೆ ಮೊದಲು ಹೊಳೆದ ಉಪಾಯ ಎಲ್ಲರಿಗೂ ಹೊಳೆಯುವಂಥದೇ. ಫೋಟೋ ತೆಗೆಯುವುದು, ಫಿಲ್ಮ್ ಮಾಡುವುದು, ಬಳಸಿದ ಸಾಮಾನನ್ನು ಎತ್ತಿಡುವುದು. ಅಮೆರಿಕದ ಕ್ರಿಸ್ ಬರ್ಡನ್ 1971ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಗ್ಯಾಲರಿಯಲ್ಲಿ ಸ್ನೇಹಿತನಿಂದ ತನ್ನ ಎಡತೋಳಿಗೆ ಬಂದೂಕಿನ ಗುಂಡು ಹೊಡೆಸಿಕೊಂಡ. ‘ಶೂಟ್’ ಎಂಬ ಆ ಕೃತಿಯನ್ನು ಕಣ್ಣಾರೆ ಕಂಡವರು ಕೆಲವೇ ಜನ. ಉಳಿದ ಜಗತ್ತು ಅದನ್ನು ಬಲ್ಲದ್ದು ಕೆಲವು ಕಪ್ಪುಬಿಳುಪು ಚಿತ್ರಗಳಿಂದ ಮತ್ತು ಕೆಲವೇ ಸೆಕೆಂಡುಗಳ ಫಿಲ್ಮಿನಿಂದ. 1974ರಲ್ಲಿ ಅವನು ಫೋಕ್ಸ್‌ವ್ಯಾಗನ್ ಕಾರೊಂದರ ಹಿಂಬದಿಗೆ ಅಂಗೈಗಳನ್ನು ಮೊಳೆ ಹೊಡೆಸಿಕೊಂಡು ಮಲಗಿದ ‘ಟ್ರಾನ್ಸ್-ಫಿಕ್ಸ್ಡ್’ ಕೃತಿಯಿಂದ ಉಳಿದದ್ದು ಆ ಎರಡು ಮೊಳೆಗಳು. ಇಂಥ ಸಾಮಾನುಗಳನ್ನು ಬರ್ಡನ್ ಗಾಜಿನ ಪೆಟ್ಟಿಗೆಯಲ್ಲಿರಿಸಿ ‘ರೆಲಿಕ್’ ಎಂದು ಕರೆದ. ಸಂತರ ಎಲುಬು, ಬಟ್ಟೆಯ ತುಂಡುಗಳಿಗೆ ಕ್ರೈಸ್ತ ಸಂಪ್ರದಾಯ ಬಳಸುವ ಹೆಸರು ಅದು. ಗದ್ದುಗೆಯ ಮೇಲಿರುವ ಪಾದುಕೆಗಳನ್ನು ನೋಡಿ ಬೆಳೆದವರಿಗೆ ಈ ಕುರುಹುಗಳ ಆಕರ್ಷಣೆ ಅಪರಿಚಿತವಲ್ಲ. ಆದರೆ ಪಾದುಕೆ ನಡೆಯುವುದಿಲ್ಲ. ಮೊಳೆಯನ್ನು ನೋಡಿದವನಿಗೆ ಆ ಕ್ಷಣದ ಭಯ ತಿಳಿಯುವುದಿಲ್ಲ.

ಫೋಟೋ ಸುಳ್ಳನ್ನೂ ಹೇಳಬಲ್ಲದು. ಫ್ರಾನ್ಸಿನ ಈವ್ ಕ್ಲೈನ್ 1960ರಲ್ಲಿ ಮನೆಯೊಂದರ ಗೋಡೆಯ ಮೇಲಿನಿಂದ ಬರಿಬೀದಿಯ ಕಡೆಗೆ ಕೈಚಾಚಿ ಹಾರುತ್ತಿರುವ ಚಿತ್ರ ಪ್ರಸಿದ್ಧವಾದದ್ದು. ಕೆಳಗೆ ಹಿಡಿಯುವವರಾರೂ ಕಾಣುವುದಿಲ್ಲ. ನಿಜದಲ್ಲಿ ಕೆಳಗೆ ಗೆಳೆಯರು ತಾಡಪತ್ರಿ ಹಿಡಿದು ನಿಂತಿದ್ದರು. ಹ್ಯಾರಿ ಶಂಕ್ ಮತ್ತು ಯಾನೋಶ್ ಕೆಂಡರ್ ಎಂಬ ಛಾಯಾಗ್ರಾಹಕರು ಎರಡು ಚಿತ್ರಗಳನ್ನು ಜೋಡಿಸಿ ಆ ಗೆಳೆಯರನ್ನು ಅಳಿಸಿದರು. ಹಾಗಾದರೆ ಕ್ಲೈನನ ಕೃತಿ ಯಾವುದು? ನಡೆದ ಜಿಗಿತವೇ, ನಡೆಯದ ಜಿಗಿತದ ಚಿತ್ರವೇ? ಫಿಲಿಪ್ ಆಸ್ಲಾಂಡರ್ ಎಂಬ ವಿದ್ವಾಂಸ 2006ರ ಪ್ರಬಂಧವೊಂದರಲ್ಲಿ ಬರ್ಡನ್ ಮತ್ತು ಕ್ಲೈನರನ್ನು ಅಕ್ಕಪಕ್ಕದಲ್ಲಿರಿಸಿ, ದಾಖಲೆ ನಡೆದುದನ್ನು ಹಿಂಬಾಲಿಸುತ್ತದೆ ಎಂಬ ನಂಬಿಕೆಯನ್ನೇ ಪ್ರಶ್ನಿಸಿದ್ದಾನೆ. ಅವನ ದೃಷ್ಟಿಯಲ್ಲಿ ಅನೇಕ ಸಲ ದಾಖಲೆಯೇ ಕೃತಿಯನ್ನು ಕೃತಿಯಾಗಿಸುತ್ತದೆ.

ಇದಕ್ಕೆ ನೇರ ವಿರೋಧವಾದ ನಿಲುವು ಪೆಗ್ಗಿ ಫೆಲನ್ ಅವರದು. 1993ರ ‘ಅನ್‌ಮಾರ್ಕ್ಡ್’ ಎಂಬ ಗ್ರಂಥದಲ್ಲಿ ಅವರು, ಈ ಕಲೆಯ ಬದುಕು ವರ್ತಮಾನದಲ್ಲಿ ಮಾತ್ರ ಇದೆ, ದಾಖಲಾದ ಕೂಡಲೇ ಅದು ಬೇರೊಂದಾಗುತ್ತದೆ, ಕಣ್ಮರೆಯಾಗುವುದೇ ಅದರ ಸತ್ವ ಎಂದು ವಾದಿಸಿದರು. ಕೇಳಲು ಸುಂದರವಾದ, ತರ್ಕಕ್ಕೂ ಒಪ್ಪುವ ವಾದ ಇದು. ಆದರೆ ಈ ವಾದವನ್ನು ಪೂರ್ತಿಯಾಗಿ ಒಪ್ಪಿಕೊಂಡರೆ ನೋಡಲು ಹಾಜರಿದ್ದವರಿಗಷ್ಟೇ ಕಲೆಯ ಇತಿಹಾಸ ದಕ್ಕುತ್ತದೆ. ನ್ಯೂಯಾರ್ಕಿನಲ್ಲಿ, ಪ್ಯಾರಿಸ್ಸಿನಲ್ಲಿ, ಆ ಸಂಜೆ, ಆ ಕೋಣೆಯಲ್ಲಿ ಇರಲು ಸಾಧ್ಯವಾದವರು ಯಾರು? ದೂರದವರೂ ಬಡವರೂ ಮುಂದಿನ ತಲೆಮಾರಿನವರೂ ಅದರಿಂದ ಹೊರಗುಳಿಯುತ್ತಾರೆ. ಡಯಾನಾ ಟೇಲರ್ 2003ರಲ್ಲಿ ಪ್ರಕಟಿಸಿದ ‘ದಿ ಆರ್ಕೈವ್ ಅಂಡ್ ದಿ ರೆಪರ್ಟ್ವಾರ್’ ಎಂಬ ಪುಸ್ತಕ ಮೂರನೆಯ ದಾರಿಯೊಂದನ್ನು ತೋರಿಸಿತು. ಸ್ಮೃತಿ ಕಾಗದಪತ್ರಗಳಲ್ಲಿ ಮಾತ್ರವಲ್ಲ, ಮೈಗಳಲ್ಲಿಯೂ ನೆಲೆಸುತ್ತದೆ. ಹಾಡು, ಹೆಜ್ಜೆ, ಹಾವಭಾವಗಳು ಒಂದು ಮೈಯಿಂದ ಇನ್ನೊಂದು ಮೈಗೆ ದಾಟುತ್ತ ಬದುಕುತ್ತವೆ. ಜಾನಪದ ಪತ್ರಿಕೆಯನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತೆನಿಸುವುದಿಲ್ಲ. ಪಾಶ್ಚಾತ್ಯ ಸಂಗ್ರಹಾಲಯಗಳಿಗೆ ಹೊಸದಾಗಿತ್ತು.

ಹಾಗೆ ದಾಟಬೇಕಾದರೆ ದಾಟಿಸುವ ಸಾಧನವೊಂದು ಬೇಕು. ಯೋಕೋ ಓನೋ ತಮ್ಮ ‘ಕಟ್ ಪೀಸ್’ ಕೃತಿಯನ್ನು 1964ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಮೊದಲು ಮಾಡಿದರು. ಕಲಾವಿದೆ ವೇದಿಕೆಯ ಮೇಲೆ ಸುಮ್ಮನೆ ಕುಳಿತಿರುತ್ತಾಳೆ, ಮುಂದೆ ಕತ್ತರಿ ಇರುತ್ತದೆ. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಅವಳ ಬಟ್ಟೆಯ ಒಂದು ತುಂಡನ್ನು ಕತ್ತರಿಸಿ ಒಯ್ಯುತ್ತಾರೆ. ಓನೋ ಇದನ್ನು ಕೆಲವು ಸಾಲುಗಳ ಸೂಚನೆಯಾಗಿ ಬರೆದಿಟ್ಟರು. ಆದ್ದರಿಂದ ಬೇರೆಯವರೂ ಇದನ್ನು ಮಾಡಬಹುದು. ಯಕ್ಷಗಾನದ ಪ್ರಸಂಗ ಮತ್ತು ಅರ್ಥಗಾರಿಕೆಗಳ ಸಂಬಂಧವನ್ನು ಇಲ್ಲಿ ನೆನೆಯಬಹುದು. ಪ್ರಸಂಗದ ಪದ್ಯ ಅಚ್ಚಾಗಿ ಕೈಯಲ್ಲಿರುತ್ತದೆ; ಅರ್ಥಧಾರಿಯ ಮಾತು ಆ ರಾತ್ರಿಯದು. ಓನೋ ಅವರ ಸೂಚನೆ ಪ್ರಸಂಗದಂತೆ ಸ್ಥಿರ. 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲಿನಲ್ಲಿ ನಡೆದ ಪ್ರಯೋಗವನ್ನು ಮೇಸಲ್ಸ್ ಸೋದರರು ಚಿತ್ರೀಕರಿಸಿದ್ದಾರೆ. ಅದರಲ್ಲಿ ಕತ್ತರಿ ಹಿಡಿದ ಗಂಡಸರ ಉತ್ಸಾಹವನ್ನೂ ಅವಳ ಕಣ್ಣಿನ ಅಳುಕನ್ನೂ ನೋಡಿದವರು ಅದನ್ನು ಹೆಣ್ಣಿನ ಮೇಲಿನ ಹಿಂಸೆಯ ಕೃತಿಯೆಂದೇ ಓದಿದರು. 2003ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಓನೋ ಅದನ್ನು ಪ್ಯಾರಿಸ್ಸಿನಲ್ಲಿ ಶಾಂತಿಯ ಹೆಸರಿನಲ್ಲಿ ಮತ್ತೆ ಮಾಡಿದರು. ಸೂಚನೆ ಅದೇ, ಕತ್ತರಿ ಅದೇ. ಕೃತಿಯ ಧ್ವನಿ ಬೇರೆ. ಹೀಗಿರುವಾಗ ಸಂಗ್ರಹಾಲಯದಲ್ಲಿ ಗೋಡೆಯ ಮೇಲೆ ಓಡುತ್ತಿರುವ 1965ರ ಫಿಲ್ಮನ್ನಷ್ಟೇ ನೋಡಿದವರು ‘ಕಟ್ ಪೀಸ್’ ನೋಡಿದೆವು ಎನ್ನುವುದು ಅರ್ಧಸತ್ಯ. ಅವರು ನೋಡಿದ್ದು ಅದರ ಒಂದು ಪ್ರಯೋಗವನ್ನು.

ಮರುಪ್ರಯೋಗದ ಪ್ರಶ್ನೆಯನ್ನು ಸಂಗ್ರಹಾಲಯಗಳ ನಡುಮನೆಗೇ ತಂದವರು ಬೆಲ್‌ಗ್ರೇಡಿನಲ್ಲಿ ಹುಟ್ಟಿದ ಮರೀನಾ ಅಬ್ರಮೋವಿಚ್. 2005ರ ನವೆಂಬರಿನಲ್ಲಿ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಸಂಗ್ರಹಾಲಯದಲ್ಲಿ ಅವರು ‘ಸೆವೆನ್ ಈಜಿ ಪೀಸಸ್’ ಎಂಬ ಹೆಸರಿನಲ್ಲಿ ಏಳು ರಾತ್ರಿ, ದಿನಕ್ಕೆ ಏಳು ಗಂಟೆಯಂತೆ ಏಳು ಕೃತಿಗಳನ್ನು ಮಾಡಿದರು. ಐದು ಕೃತಿಗಳು ಇತರ ಕಲಾವಿದರವು, ಒಂದು ತಮ್ಮದೇ ಹಳೆಯದು, ಕೊನೆಯದು ಹೊಸದು. ಸಂಗೀತಗಾರನೊಬ್ಬ ಇನ್ನೊಬ್ಬನ ರಚನೆಯನ್ನು ನುಡಿಸುವಾಗ ಕರ್ತೃವಿನ ಹೆಸರು ಹೇಳುತ್ತಾನೆ, ಹಕ್ಕು ಕೊಡುತ್ತಾನೆ. ಇಲ್ಲಿಯೂ ಹಾಗೆಯೇ ಆಗಬೇಕು ಎಂಬುದು ಅವರ ವಾದವಾಗಿತ್ತು. ಅದರಂತೆ ಕಲಾವಿದರಿಂದ, ಗತಿಸಿದವರ ವಾರಸುದಾರರಿಂದ ಅನುಮತಿ ಪಡೆದರು. ಬರ್ಡನ್ ಮಾತ್ರ ‘ಟ್ರಾನ್ಸ್-ಫಿಕ್ಸ್ಡ್’ ಕೃತಿಗೆ ಅನುಮತಿ ಕೊಡಲಿಲ್ಲ. ಆ ನಿರಾಕರಣೆಯೂ ಒಂದು ಸಂರಕ್ಷಣಾ ನೀತಿಯೆಂದು ತಿಳಿಯಬೇಕು: ಒಮ್ಮೆ ಆದದ್ದು ಒಮ್ಮೆಯೇ ಆಗಿರಲಿ.

ಈ ಏಳರಲ್ಲಿ ಪಾಠಕ್ಕೆ ಹೆಚ್ಚು ಒದಗುವುದು ಆಸ್ಟ್ರಿಯಾದ ವಾಲೀ ಎಕ್ಸ್‌ಪೋರ್ಟ್ ಅವರ ‘ಆ್ಯಕ್ಷನ್ ಪ್ಯಾಂಟ್ಸ್’ ಎಂಬ ಕೃತಿ. ಅದರ ಮೂಲ ಕ್ರಿಯೆ ನಡೆದದ್ದು ಮ್ಯೂನಿಕ್ ನಗರದ ಚಿತ್ರಮಂದಿರದಲ್ಲಿ, ಪ್ರೇಕ್ಷಕರ ಸಾಲುಗಳ ನಡುವೆ. ಆದರೆ ಜಗತ್ತಿಗೆ ಪರಿಚಿತವಾದದ್ದು ಬಂದೂಕು ಹಿಡಿದು ಕುಳಿತ ಕಲಾವಿದೆಯ ಭಿತ್ತಿಚಿತ್ರ. ಅದನ್ನು ಬೇರೆಯಾಗಿ, ಪೋಸ್ಟರಿಗೆಂದೇ ತೆಗೆದದ್ದು. ಅಬ್ರಮೋವಿಚ್ 2005ರಲ್ಲಿ ಮರುಜೀವ ಕೊಟ್ಟದ್ದು ಆ ಬಂದೂಕಿನ ಭಂಗಿಗೆ. ಅಂದರೆ ಮರುಪ್ರಯೋಗವಾದದ್ದು ಘಟನೆಯದಲ್ಲ, ಫೋಟೋದ್ದು. ಪ್ರತಿಯಿಂದ ಪ್ರತಿ ಮಾಡುವಾಗ ಹಳೆಯ ಲಿಪಿಕಾರನ ತಪ್ಪು ಹೊಸ ಓಲೆಗೂ ಇಳಿದು ಕ್ರಮೇಣ ಅದೇ ಶುದ್ಧಪಾಠವೆನಿಸಿಕೊಳ್ಳುವ ಬಗೆ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಪಾಠಾಂತರಗಳ ಮೂಲವನ್ನು ಹುಡುಕುವ ಎಚ್ಚರ ಇಲ್ಲಿಯೂ ಬೇಕಾಗುತ್ತದೆ.

2010ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಬ್ರಮೋವಿಚ್ ಅವರ ಸಮಗ್ರ ಪ್ರದರ್ಶನವೊಂದನ್ನು ಏರ್ಪಡಿಸಿತು. ಮಾರ್ಚ್ 14ರಿಂದ ಮೇ 31ರವರೆಗೆ ಅವರು ಕುರ್ಚಿಯ ಮೇಲೆ ಮೌನವಾಗಿ ಕುಳಿತರು, ಒಟ್ಟು 700 ಗಂಟೆಗೂ ಹೆಚ್ಚು ಕಾಲ. ಬಂದವರು ಎದುರಿಗೆ ಕುಳಿತು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎದ್ದುಹೋದರು. ಪತ್ರಿಕೆಗಳು ಬರೆದದ್ದೆಲ್ಲ ಇದರ ಬಗ್ಗೆ. ಸಂರಕ್ಷಣೆಯ ದೃಷ್ಟಿಯಿಂದ ಮುಖ್ಯವಾದದ್ದು ಒಳಗಿನ ಕೋಣೆಗಳಲ್ಲಿ ನಡೆಯುತ್ತಿತ್ತು. ಅಲ್ಲಿ ತಾಲೀಮು ಪಡೆದ ಬೇರೆ ಕಲಾವಿದರು ಅವರ ಹಳೆಯ ಕೃತಿಗಳನ್ನು ಮತ್ತೆ ಮಾಡುತ್ತಿದ್ದರು. ಅವುಗಳಲ್ಲೊಂದು, 1977ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಅಬ್ರಮೋವಿಚ್ ಮತ್ತು ಉಲಾಯ್ ಮಾಡಿದ ‘ಇಂಪಾಂಡರಬಿಲಿಯಾ’. ಗ್ಯಾಲರಿಯ ಇಕ್ಕಟ್ಟಾದ ಬಾಗಿಲಿನಲ್ಲಿ ಇಬ್ಬರೂ ವಿವಸ್ತ್ರರಾಗಿ ಎದುರುಬದುರು ನಿಂತಿದ್ದರು. ಒಳಗೆ ಹೋಗಬೇಕಾದವರಿಗೆ ಬೇರೆ ದಾರಿಯಿರಲಿಲ್ಲ. ಅಡ್ಡಡ್ಡವಾಗಿ ತೂರಿಕೊಂಡು, ಇಬ್ಬರಲ್ಲಿ ಒಬ್ಬರ ಕಡೆಗೆ ಮುಖ ಮಾಡಿಯೇ ದಾಟಬೇಕಿತ್ತು. ಯಾರ ಕಡೆಗೆ ಎಂಬ ಆಯ್ಕೆಯ ಮುಜುಗರವೇ ಆ ಕೃತಿಯ ತಿರುಳು. ಪೊಲೀಸರು ಬಂದು ಅದನ್ನು ನಿಲ್ಲಿಸಿದರು. 2010ರಲ್ಲಿ ನಿಂತವರ ನಡುವೆ ಅಂತರ ಹೆಚ್ಚಿಸಲಾಯಿತು. ದಾಟಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿಯೂ ಇತ್ತು. ಸಾರ್ವಜನಿಕ ಸಂಸ್ಥೆಯೊಂದು ಬೆಂಕಿ ಬಿದ್ದಾಗಿನ ನಿಯಮವನ್ನೂ ಗಾಲಿಕುರ್ಚಿಯವರನ್ನೂ ಮಕ್ಕಳೊಡನೆ ಬಂದವರನ್ನೂ ಗಮನದಲ್ಲಿಡಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇರೆ ದಾರಿ ಇದ್ದ ಕೂಡಲೇ ಬಾಗಿಲು ಬಾಗಿಲಾಗಿ ಉಳಿಯಲಿಲ್ಲ. ಅದು ನೋಡುವ ಚಿತ್ರವಾಯಿತು. ವಸ್ತುವನ್ನು ಎಷ್ಟು ನಿಷ್ಠೆಯಿಂದ ಮರಳಿ ಕಟ್ಟಿದರೂ ಸನ್ನಿವೇಶದ ಒಂದು ಮೊಳೆ ಸಡಿಲವಾದರೆ ಕೃತಿ ಸೋರಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ನಿಂತವರನ್ನು ಮುಟ್ಟಿದ ಕೆಲವು ಸಂದರ್ಶಕರನ್ನು ಸಂಗ್ರಹಾಲಯ ಹೊರಗೆ ಕಳುಹಿಸಬೇಕಾಯಿತೆಂಬುದೂ ಇದರೊಡನೆ ಓದಬೇಕಾದ ಸಂಗತಿ. ಚಿತ್ರಪಟಕ್ಕೆ ಗಾಜು ಹಾಕಬಹುದು. ಮೈಯೇ ಕೃತಿಯಾದಾಗ ರಕ್ಷಣೆ ಬೇಕಾದದ್ದು ಕೂಲಿಗೆ ನಿಂತ ಮನುಷ್ಯನಿಗೆ.

ಇವೆಲ್ಲಕ್ಕೂ ತದ್ವಿರುದ್ಧವಾದ ದಾರಿ ಹಿಡಿದವನು ಟಿನೊ ಸೆಹಗಲ್. 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ತಂದೆಯ ಕಡೆಯಿಂದ ಭಾರತೀಯ ಮೂಲದ ಈ ಕಲಾವಿದ ಅರ್ಥಶಾಸ್ತ್ರವನ್ನೂ ನೃತ್ಯವನ್ನೂ ಅಭ್ಯಾಸ ಮಾಡಿದವನು. ಅವನ ಕೃತಿಗಳಿಗೆ ಫೋಟೋ ಇಲ್ಲ, ವಿಡಿಯೋ ಇಲ್ಲ, ಬರೆದ ಸೂಚನೆಯಿಲ್ಲ. ಮಾರುವಾಗಿನ ಕರಾರುಪತ್ರವೂ ಇಲ್ಲ. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2008ರಲ್ಲಿ ಅವನ ‘ಕಿಸ್’ ಎಂಬ ಕೃತಿಯನ್ನು ಕೊಂಡಿತು. ಅದರಲ್ಲಿ ಇಬ್ಬರು ನರ್ತಕರು ಕಲೆಯ ಇತಿಹಾಸದಲ್ಲಿ ಬಂದ ಆಲಿಂಗನದ ಭಂಗಿಗಳನ್ನು ನಿಧಾನವಾಗಿ ಒಂದರಿಂದೊಂದಕ್ಕೆ ಹರಿಸುತ್ತಾರೆ. ಖರೀದಿ ನಡೆದದ್ದು ಕೋಣೆಯೊಂದರಲ್ಲಿ, ನೋಟರಿಯ ಸಮಕ್ಷಮ, ಕೇವಲ ಬಾಯಿಮಾತಿನಲ್ಲಿ. ಕಲಾವಿದ ಷರತ್ತುಗಳನ್ನು ಹೇಳಿದ, ಸಂಗ್ರಹಾಲಯದವರು ಕೇಳಿ ನೆನಪಿನಲ್ಲಿಟ್ಟುಕೊಂಡರು. ತಾನು ತರಬೇತಿ ಕೊಟ್ಟು ಒಪ್ಪಿದವರೇ ಅದನ್ನು ಅಣಿಗೊಳಿಸಬೇಕು, ಮಾಡುವವರಿಗೆ ನಿಗದಿಯಾದ ಕನಿಷ್ಠ ಸಂಬಳ ಕೊಡಬೇಕು, ಕನಿಷ್ಠ ಆರು ವಾರ ಪ್ರದರ್ಶನದಲ್ಲಿರಬೇಕು, ಚಿತ್ರ ತೆಗೆಯಬಾರದು, ಮುಂದೆ ಮಾರುವುದಾದರೆ ಇದೇ ಬಗೆಯ ಬಾಯಿಮಾತಿನ ಕರಾರಿನಿಂದಲೇ ಮಾರಬೇಕು. ಅವನ ಇನ್ನೊಂದು ಕೃತಿ ‘ದಿಸ್ ಈಸ್ ಪ್ರೊಪಗಾಂಡಾ’. ಅದರಲ್ಲಿ ಹಾಡುವವರು ಕಾವಲುಗಾರರ ಉಡುಪಿನಲ್ಲಿರುತ್ತಾರೆ. ಅದನ್ನು ಟೇಟ್ 2005ರಲ್ಲಿಯೇ, ಓಂಡಾಕನ ಸಾಲಿನ ಜೊತೆಜೊತೆಗೇ ಕೊಂಡಿತ್ತು.

ಇದನ್ನು ಚಮತ್ಕಾರವೆಂದು ತಳ್ಳಿಹಾಕುವುದು ಸುಲಭ. ಜಗತ್ತಿನ ದೊಡ್ಡ ಸಂಗ್ರಹಾಲಯವೊಂದು ತನ್ನ ಆಸ್ತಿಯನ್ನು ಕೆಲವು ನೌಕರರ ನೆನಪಿಗೆ ಒಪ್ಪಿಸಿತೆಂಬುದು ವಿಚಿತ್ರವಾಗಿಯೂ ಕಾಣುತ್ತದೆ. ಆ ನೌಕರರು ನಿವೃತ್ತರಾಗುತ್ತಾರೆ, ಊರು ಬಿಡುತ್ತಾರೆ, ಮರೆಯುತ್ತಾರೆ. ಆದುದರಿಂದ ಕೃತಿಯನ್ನು ಆಗಾಗ ಮಾಡಲೇಬೇಕು, ಬಲ್ಲವರು ಹೊಸಬರಿಗೆ ಹೇಳಿಕೊಡಲೇಬೇಕು. ಗೋದಾಮಿನಲ್ಲಿ ಮಲಗಿಸಿಟ್ಟ ಚಿತ್ರಪಟ ನೂರು ವರ್ಷ ಮಲಗಿರಬಲ್ಲದು. ಸೆಹಗಲ್‌ನ ಕೃತಿ ಬಿಡುವು ಕೊಟ್ಟಷ್ಟೂ ಸಾಯುತ್ತದೆ. ಈ ಒತ್ತಾಯವನ್ನು ಅವನು ಬೇಕೆಂದೇ ಹೇರಿದ್ದಾನೆ. ಮೌಖಿಕ ಪರಂಪರೆಯ ನಾಡಿನಿಂದ ನೋಡಿದಾಗ ಇದರಲ್ಲಿ ಆಶ್ಚರ್ಯಪಡುವಂಥದು ಬಾಯಿಮಾತಲ್ಲ, ಆ ಬಾಯಿಮಾತಿಗೆ ನೋಟರಿ ಬೇಕಾದದ್ದು.

ಬರಹ ಬೇಡವೆಂಬ ಹಟವಿಲ್ಲದೆಯೂ ಮೈನೆನಪನ್ನು ನಂಬುವ ಇನ್ನೊಂದು ಮಾದರಿ ಸಿಮೋನ್ ಫೋರ್ಟಿ ಅವರ ‘ಡಾನ್ಸ್ ಕನ್‌ಸ್ಟ್ರಕ್ಷನ್ಸ್’. 1960-61ರ ಈ ಕೃತಿಗಳಲ್ಲಿ ಹಲವು ಮೊದಲು ನಡೆದದ್ದು ಯೋಕೋ ಓನೋ ಅವರ ನ್ಯೂಯಾರ್ಕಿನ ಅಟ್ಟದ ಮನೆಯಲ್ಲಿ. ಅವುಗಳಲ್ಲೊಂದಾದ ‘ಹಡಲ್’ನಲ್ಲಿ ಆರೇಳು ಮಂದಿ ಹೆಗಲಿಗೆ ಹೆಗಲು ಕೊಟ್ಟು, ಬಾಗಿ, ಗುಡ್ಡದಂತೆ ಒತ್ತಿ ನಿಲ್ಲುತ್ತಾರೆ. ಒಬ್ಬರು ಬಿಡಿಸಿಕೊಂಡು ಉಳಿದವರ ಮೈಮೇಲೆ ಹತ್ತಿ, ಇಳಿದು, ಮತ್ತೆ ಗುಂಪಿಗೆ ಸೇರುತ್ತಾರೆ, ಆಮೇಲೆ ಇನ್ನೊಬ್ಬರು. ಕಾಗದದ ಮೇಲೆ ಇದನ್ನು ನಾಲ್ಕು ಸಾಲಿನಲ್ಲಿ ಬರೆಯಬಹುದು. ಆದರೆ ಏರುವವರ ಭಾರ ಯಾವ ಮೂಳೆಯ ಮೇಲೆ ಬೀಳಬೇಕು, ಅವಸರ ಎಷ್ಟಿರಬಾರದು, ಮುಂದಿನವರು ಯಾರೆಂದು ಮಾತಿಲ್ಲದೆ ತಿಳಿಯುವುದು ಹೇಗೆ, ಇವು ಕಾಗದಕ್ಕೆ ಬರುವುದಿಲ್ಲ. 2015ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಈ ಕೃತಿಗಳನ್ನು ಕೊಂಡಾಗ ಟಿಪ್ಪಣಿ, ರೇಖಾಚಿತ್ರ, ವಿಡಿಯೋಗಳ ಜೊತೆಗೆ ಕಲಿಸುವ ಏರ್ಪಾಟನ್ನೂ ಪಡೆಯಿತು. ಬಲ್ಲವರಿಂದ ಕಲಿತವರೇ ಇವನ್ನು ಮಾಡಬೇಕು; ಕಲಿಸುವ ಅಭ್ಯಾಸ ತಪ್ಪದಂತೆ ಸಂಗ್ರಹಾಲಯ ನೋಡಿಕೊಳ್ಳಬೇಕು. ಗುರುಶಿಷ್ಯ ಸರಣಿಯೊಂದನ್ನು ಸಂಸ್ಥೆಯೊಂದು ಸಂಗ್ರಹದ ಭಾಗವಾಗಿ ದಾಖಲು ಮಾಡಿಕೊಂಡ ಅಪರೂಪದ ಸಂದರ್ಭ ಇದು. ಇಷ್ಟೆಲ್ಲ ಉಪಾಯಗಳ ನಡುವೆ ಹೆಚ್ಚು ವಿವೇಕದಿಂದ ಕೂಡಿದ್ದು ಇದೇ ಎಂದು ತೋರುತ್ತದೆ, ಏಕೆಂದರೆ ಕಾಗದ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ಗೆರೆಯನ್ನು ಇದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ.

ಟೇಟ್ ಸಂಸ್ಥೆ ಇದೇ ಕಾಲದಲ್ಲಿ ಈ ಕೆಲಸಕ್ಕೆ ಶಾಸ್ತ್ರದ ರೂಪ ಕೊಡಲು ಯತ್ನಿಸಿತು. 2012ರಿಂದ 2014ರವರೆಗೆ ನೆದರ್ಲೆಂಡ್ಸಿನ ಸಂಸ್ಥೆಗಳೊಡನೆ ನಡೆಸಿದ ಸಂಶೋಧನೆಯಿಂದ ಇಂಥ ಕೃತಿಗಳನ್ನು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯೊಂದು ಹೊರಬಂತು. ಅದರ ಹೆಸರು ‘ದಿ ಲೈವ್ ಲಿಸ್ಟ್’. ಮುಂದೆ ಸಂರಕ್ಷಣಾ ವಿಭಾಗದವರು ಮೂರು ಬಗೆಯ ಕಡತಗಳನ್ನು ರೂಪಿಸಿದರು. ಒಂದರಲ್ಲಿ ಕೃತಿ ಕೃತಿಯಾಗಿರಲು ಇರಲೇಬೇಕಾದ ಅಂಶಗಳು. ಇನ್ನೊಂದರಲ್ಲಿ ಪ್ರತಿ ಪ್ರಯೋಗದ ವರದಿ, ಈ ಸಲ ಏನು ಬದಲಾಯಿತು, ಏಕೆ ಬದಲಾಯಿತು. ಮೂರನೆಯದರಲ್ಲಿ ಕೃತಿಯ ಸುತ್ತ ಯಾರಾರು ಇದ್ದಾರೆ ಎಂಬ ನಕ್ಷೆ. ಮೂರನೆಯದು ಗಮನಿಸಬೇಕಾದದ್ದು. ಕಲಾವಿದ, ಸಹಾಯಕ, ತಾಲೀಮು ಕೊಡುವವರು, ಕಾವಲುಗಾರ, ನಿಂತವರು, ನೋಡಿದವರು, ಇವರ ನಡುವಣ ಸಂಬಂಧಗಳೇ ಕೃತಿಯ ಬೇರುಗಳು. ಕಡತ ಕಾಪಾಡುತ್ತಿರುವುದು ವಸ್ತುವನ್ನಲ್ಲ, ಹೊಣೆಯನ್ನು.

ಶಾಸ್ತ್ರ ಎಷ್ಟೇ ಬೆಳೆದರೂ ಪೆಟ್ಟು ಕೊಡುವ ಕೃತಿಗಳಿವೆ. ಕ್ಯೂಬಾದ ತಾನಿಯಾ ಬ್ರುಗೇರಾ 2008ರಲ್ಲಿ ಟೇಟ್ ಮಾಡರ್ನ್‌ನ ವಿಶಾಲವಾದ ಟರ್ಬೈನ್ ಹಾಲಿಗೆ ಕುದುರೆ ಏರಿದ ಇಬ್ಬರು ಪೊಲೀಸರನ್ನು ತಂದರು, ಒಂದು ಬಿಳಿ ಕುದುರೆ, ಒಂದು ಕಪ್ಪು. ವೇಷ ಹಾಕಿದವರಲ್ಲ, ನಿಜವಾದ ಪೊಲೀಸರು. ಅವರು ಜನಜಂಗುಳಿ ನಿಯಂತ್ರಿಸುವ ತಮ್ಮ ತರಬೇತಿಯನ್ನು ಬಳಸಿ ನೋಡಲು ಬಂದವರನ್ನು ಅತ್ತ ಸರಿಸಿದರು, ಇತ್ತ ಒತ್ತಿದರು, ಎರಡು ಗುಂಪಾಗಿ ಒಡೆದರು. ಇದು ಕಲಾಕೃತಿಯೆಂದು ಯಾರಿಗೂ ಮೊದಲು ಹೇಳಬಾರದೆಂಬುದು ಅದರ ಮುಖ್ಯ ನಿಬಂಧನೆ. ಜನ ಪೊಲೀಸರ ಮಾತನ್ನು ಕೇಳಿದರು, ತಕರಾರಿಲ್ಲದೆ ಸರಿದರು. ಅಧಿಕಾರದ ಮುಂದೆ ಕಾಲು ತಾನಾಗಿ ಹಿಂದೆ ಸರಿಯುವ ಆ ಕ್ಷಣವೇ ‘ಟ್ಯಾಟ್ಲಿನ್ಸ್ ವಿಸ್ಪರ್ #5’. ಟೇಟ್ ಇದನ್ನು ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಸಂಗ್ರಹಕ್ಕೆ ಸೇರಿದ ಕೃತಿ ಯಾದಿಯಲ್ಲಿ ಬರುತ್ತದೆ, ಅದರ ಬಗ್ಗೆ ಪಾಠಗಳು ನಡೆಯುತ್ತವೆ, ಕುದುರೆ ಕಂಡ ಕೂಡಲೇ ಗುರುತಿಸುವವರು ಹೆಚ್ಚುತ್ತಾರೆ. ಸರಿಯುವ ಬದಲು ಮೊಬೈಲು ಎತ್ತುತ್ತಾರೆ. ಕೃತಿಯನ್ನು ಉಳಿಸುವ ಕ್ರಿಯೆಯೇ ಅದರ ಜೀವದ ಒಂದು ಭಾಗವನ್ನು ತಿನ್ನುತ್ತಿದೆ. ಇದಕ್ಕೆ ಕಡತದಲ್ಲಿ ಪರಿಹಾರವಿಲ್ಲ.

ಭಾರತದಲ್ಲಿ ಈ ಕಲೆಯ ಆರಂಭದ ಹೆಸರುಗಳಲ್ಲಿ ಮುಖ್ಯವಾದದ್ದು ರುಮ್ಮಾನಾ ಹುಸೇನ್ ಅವರದು. ಅವರು ಹುಟ್ಟಿದ್ದು 1952ರಲ್ಲಿ, ಬೆಂಗಳೂರಿನಲ್ಲಿ. ಮುಂದೆ ಕಾರ್ಯಕ್ಷೇತ್ರ ಮುಂಬಯಿ. 1992ರ ಡಿಸೆಂಬರಿನ ಅಯೋಧ್ಯೆಯ ಘಟನೆ ಮತ್ತು ಅದರ ನಂತರದ ಹಿಂಸೆಯ ದಿನಗಳು ಅವರನ್ನು ಚಿತ್ರಪಟದಿಂದ ಹೊರತಂದವು. 1995ರಲ್ಲಿ ಮುಂಬಯಿಯ ಎನ್‌ಸಿಪಿಎ ಆವರಣದಲ್ಲಿ ‘ಲಿವಿಂಗ್ ಆನ್ ದಿ ಮಾರ್ಜಿನ್ಸ್’ ಎಂಬ ಕೃತಿಯಲ್ಲಿ ಅವರು ಕಾಲಿಗೆ ಗೆಜ್ಜೆ ಕಟ್ಟಿ, ಸೀಳಿದ ಪಪ್ಪಾಯಿಯನ್ನು ಹಿಡಿದು, ಬಾಯಿ ತೆರೆದು, ದನಿಯಿಲ್ಲದೆ ನಡೆದರು. ಕೂಗು ಹೊರಡಬೇಕಾದ ಬಾಯಿಯಿಂದ ಕೂಗು ಹೊರಡಲಿಲ್ಲ. 1999ರಲ್ಲಿ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಇಂದು ಆ ಕೃತಿಯನ್ನು ಪರದೆಯ ಮೇಲೆ ಕಾಣಬಹುದು. ಬೇರೊಬ್ಬಳು ಗೆಜ್ಜೆ ಕಟ್ಟಿ ಅದನ್ನು ಮತ್ತೆ ನಡೆಯಬಹುದೇ? 1995ರ ಮುಂಬಯಿಯಲ್ಲಿ ಮುಸ್ಲಿಂ ಹೆಣ್ಣುಮಗಳೊಬ್ಬಳ ಆ ಮೌನಕ್ಕಿದ್ದ ಅರ್ಥ ಇನ್ನೊಬ್ಬಳ ಮೌನಕ್ಕೆ ಬರುತ್ತದೆಯೇ? ಓನೋ ಅವರ ಕೃತಿಗೆ ಈ ಪ್ರಶ್ನೆಯ ಉತ್ತರ ಓನೋ ಅವರೇ ಕೊಟ್ಟರು. ಇಲ್ಲಿ ಕೇಳಲು ಕಲಾವಿದೆಯಿಲ್ಲ. ಸೀಳಿದ ಹಣ್ಣನ್ನು ಸಂಗ್ರಹಿಸಿಡಲು ಬರುವುದಿಲ್ಲ. ಹೊಸ ಹಣ್ಣು ತರಬಹುದು, ಆದರೆ ಯಾರ ಕೈಗೆ ಕೊಡಬೇಕೆಂಬುದನ್ನು ನಿರ್ಧರಿಸಬೇಕು.

ಗಡಿಭಾಗದ ಊರುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೂ ಇದೇ ಸಮಸ್ಯೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಗೀಗೀ ಮೇಳದವರ ಹರದೇಶಿ-ನಾಗೇಶಿ ವಾದವನ್ನು, ಮರಾಠಿಯವರು ಕಲಗಿ-ತುರಾ ಎನ್ನುವ ಆ ಸವಾಲು-ಜವಾಬನ್ನು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪದಗಳನ್ನು ಬರೆದು ತಂದರೆ ಲಾವಣಿಯ ಪಠ್ಯ ಸಿಕ್ಕಂತಾಯಿತು. ಎದುರು ಮೇಳ ಅಂದು ಏನು ಕೇಳಿತು, ಉತ್ತರ ತಡವಾದಾಗ ಕುಳಿತ ಜನ ಏನೆಂದರು, ತುಂತುಣಿಯವರು ಎಷ್ಟು ಹೊತ್ತು ಕಾದರು ಎಂಬುದು ಪಠ್ಯದಲ್ಲಿರುವುದಿಲ್ಲ. ಈ ವರ್ಷದ ಕ್ಷೇತ್ರಕಾರ್ಯದ ವರದಿಗಳಲ್ಲಿ ಪದಗಳ ಪಠ್ಯದ ಜೊತೆಗೆ ಒಂದು ಪುಟದ ‘ಪ್ರಯೋಗ ವರದಿ’ಯನ್ನು ಸೇರಿಸಬೇಕು. ಎಲ್ಲಿ, ಯಾವ ನಿಮಿತ್ತ, ಯಾರ ಮುಂದೆ, ಎಷ್ಟು ಹೊತ್ತು ಎಂಬುದನ್ನೂ ಹೋದ ಸಲಕ್ಕಿಂತ ಈ ಸಲ ಏನು ಬೇರೆಯಾಯಿತೆಂದು ಮೇಳದವರೇ ಹೇಳಿದ್ದನ್ನೂ ಅದರಲ್ಲಿ ಬರೆಯಬೇಕು. ಆಟ ಮುಗಿದು ಮೊಬೈಲ್ ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತು, ಯಾರಿಂದ ಕಲಿತಿರಿ, ಯಾರಿಗೆ ಕಲಿಸಿದ್ದೀರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು.